ತಂಗಳು ಬ್ರೆಡ್ಡು ಪಾರ್ಟಿಗೆ ಬಂದ ಕತೆ

ಡಿಸೆಂಬರ್ ಬಂತು ಅಂದ್ರೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಒಂದೇ ಥರದ ತಟ್ಟೆ ಮನೆಮನೆಯಲ್ಲೂ ಕಾಣಿಸಿಕೊಳ್ಳುತ್ತೆ. ಅಂಗೈಗಿಂತ ಸಣ್ಣ, ಗರಿಗರಿಯಾಗಿ ಸುಟ್ಟ ಬ್ರೆಡ್ಡಿನ ತುಂಡುಗಳು. ಮೇಲೆ ಟೊಮೆಟೊ, ಚೀಸು, ಅಣಬೆ, ಎಂಥದೋ ಒಂದು ಹಸಿರು ಎಲೆ. ಕ್ರಿಸ್‌ಮಸ್ ಪಾರ್ಟಿ, ಹೊಸ ವರ್ಷದ ಪಾರ್ಟಿ, ಆಫೀಸಿನ ಪಾಟ್‌ಲಕ್, ಎಲ್ಲದಕ್ಕೂ ಇದೇ. ಮೆನು ಕಾರ್ಡಿನಲ್ಲಿ ಇದಕ್ಕೆ ಬ್ರುಸ್ಕೆಟ್ಟಾ, ಕ್ರೊಸ್ಟಿನಿ, ಕೆನಪೆ ಅಂತೆಲ್ಲ ಹೆಸರು. ಹೆಸರು ಕೇಳಿದರೆ ಅರಮನೆಯ ಅಡುಗೆಮನೆಯಿಂದಲೇ ಬಂದಿರಬೇಕು ಅನಿಸುತ್ತೆ. ಆದರೆ ಇದರ ವಂಶಾವಳಿ ಬಿಡಿಸುತ್ತಾ ಹೋದರೆ ಕೊನೆಗೆ ಸಿಗೋದು ಬಡವರ ಮನೆಯ ತಂಗಳು ಬ್ರೆಡ್ಡು.

ಮೊದಲು ಬ್ರೆಡ್ಡು ತಂಗಳಾಗುತ್ತಿದ್ದದ್ದು ಯಾಕೆ ಅಂತ ನೋಡೋಣ. ಹಳೇ ಯುರೋಪಿನ ಹಳ್ಳಿಗಳಲ್ಲಿ ಮನೆಗೊಂದು ಒಲೆಗೂಡು ಇರುತ್ತಿರಲಿಲ್ಲ. ಬಹಳ ಕಡೆ ಇಡೀ ಊರಿಗೆ ಒಂದೇ ದೊಡ್ಡ ಗೂಡು, ಅದೂ ಊರ ಜಮೀನ್ದಾರನದು. ಅದನ್ನು ಕಾಯಿಸೋಕೆ ರಾಶಿ ಸೌದೆ ಬೇಕು. ಹಾಗಾಗಿ ದಿನಾ ಬ್ರೆಡ್ ಸುಡೋದು ಆಗದ ಮಾತು. ಒಂದು ಸಲ ಸುಟ್ಟರೆ ವಾರಗಟ್ಟಲೆ ಅದನ್ನೇ ತಿನ್ನಬೇಕು. ಆಲ್ಪ್ಸ್ ಪರ್ವತದ ಕೆಲವು ಹಳ್ಳಿಗಳಲ್ಲಂತೂ ವರ್ಷಕ್ಕೆ ಒಂದೋ ಎರಡೋ ಸಲ ಮಾತ್ರ ಬ್ರೆಡ್ ಮಾಡಿ, ಒಣಗಿಸಿ, ಜೋಡಿಸಿಟ್ಟುಕೊಳ್ಳುತ್ತಿದ್ದರು. ಇಂಥ ಬ್ರೆಡ್ಡನ್ನು ಹಲ್ಲಿಗೆ ಒಗ್ಗಿಸೋಕೆ ಇದ್ದದ್ದು ಎರಡೇ ದಾರಿ: ನೆನೆಸೋದು ಅಥವಾ ಮತ್ತೆ ಬೆಂಕಿಗೆ ಹಿಡಿಯೋದು.

ಬೆಂಕಿಗೆ ಹಿಡಿಯೋದರ ಹಿಂದೆ ಒಳ್ಳೇ ವಿಜ್ಞಾನ ಇದೆ. ಬ್ರೆಡ್ಡು ಬಿರುಸಾಗೋದು ಬರೀ ನೀರು ಆರಿ ಹೋಗೋದರಿಂದ ಅಲ್ಲ. ಬೇಯುವಾಗ ಸಡಿಲಗೊಂಡ ಹಿಟ್ಟಿನ ಪಿಷ್ಟದ ಕಣಗಳು ಆರಿದ ಮೇಲೆ ಮತ್ತೆ ಒತ್ತೊತ್ತಾಗಿ ಕೂಡಿಕೊಳ್ಳುತ್ತವೆ. ಫ್ರಿಜ್ಜಿನಲ್ಲಿಟ್ಟರೆ ಈ ಕೆಲಸ ಇನ್ನೂ ಬೇಗ ಆಗುತ್ತೆ. ಬಿಸಿ ತಾಗಿದರೆ ಆ ಕಣಗಳು ಮತ್ತೆ ಸಡಿಲಾಗುತ್ತವೆ, ಒಳಗೆ ಮೆತ್ತಗಾಗುತ್ತೆ. ಹೊರಗಿನ ಪದರ ಒಣಗಿ ಹೊಂಬಣ್ಣಕ್ಕೆ ತಿರುಗಿ ಘಮ್ ಅನ್ನುತ್ತೆ. ಆ ಬಣ್ಣ, ಆ ಘಮ ಹುಟ್ಟಿಸುವ ರಾಸಾಯನಿಕ ಕ್ರಿಯೆಯನ್ನು ಫ್ರಾನ್ಸಿನ ಲೂಯಿ ಕಮೀಲ್ ಮಯಾರ್ 1912ರಲ್ಲಿ ವಿವರಿಸಿದ. ಹಳ್ಳಿಯ ಅಜ್ಜಿಯರು ಅದಕ್ಕೂ ಎಷ್ಟೋ ಶತಮಾನ ಮೊದಲೇ ಅದನ್ನು ಮೂಗಿನಲ್ಲೇ ಕಂಡುಕೊಂಡಿದ್ದರು.

ಇಟಲಿಗೆ ಬನ್ನಿ. ರೋಮಿನ ಕಡೆಯ ಆಡುಮಾತಿನಲ್ಲಿ 'ಬ್ರುಸ್ಕಾರೆ' ಅಂದರೆ ಕೆಂಡದ ಮೇಲೆ ಸುಡೋದು. ಅದರಿಂದಲೇ ಬ್ರುಸ್ಕೆಟ್ಟಾ. ಪಕ್ಕದ ಟಸ್ಕನಿಯಲ್ಲಿ ಇದಕ್ಕೇ 'ಫೆಟ್ಟುಂಟಾ' ಅಂತಾರೆ, ಅಂದರೆ 'ಎಣ್ಣೆ ಹಚ್ಚಿದ ತುಂಡು'. ಅಲಂಕಾರವಿಲ್ಲದ ನೇರ ಹೆಸರು. ಅಲ್ಲಿ ನವೆಂಬರ್ ಹೊತ್ತಿಗೆ ಆಲಿವ್ ಕೊಯ್ಲು. ಗಾಣದಿಂದ ಹೊಸ ಎಣ್ಣೆ ಇಳಿಯುತ್ತಿದ್ದ ಹಾಗೇ ರೈತರು ಬ್ರೆಡ್ಡನ್ನು ಕೆಂಡದಲ್ಲಿ ಸುಟ್ಟು, ಬೆಳ್ಳುಳ್ಳಿ ತಿಕ್ಕಿ, ಮೇಲೆ ಎಣ್ಣೆ ಸುರಿದು ರುಚಿ ನೋಡುತ್ತಿದ್ದರು. ಇಲ್ಲಿ ಬ್ರೆಡ್ಡು ನೆಪ ಮಾತ್ರ, ಹಬ್ಬ ಎಣ್ಣೆಯದು. ನಮ್ಮ ಕಡೆ ಗಾಣದಿಂದ ಆಗಷ್ಟೇ ಬಂದ ಕಡಲೆಕಾಯಿ ಎಣ್ಣೆಯನ್ನು ಚಟ್ನಿಪುಡಿಗೆ ಕಲಸಿ ರೊಟ್ಟಿ ಜೊತೆ ತಿಂದವರಿಗೆ ಈ ಖುಷಿ ವಿವರಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಟೊಮೆಟೊ? ಅದು ಅಮೆರಿಕ ಖಂಡದ ಹಣ್ಣು. 16ನೇ ಶತಮಾನದಲ್ಲಿ ಇಟಲಿಗೆ ಬಂತಾದರೂ ಬಹಳ ಕಾಲ ಜನ ಅದನ್ನು ಅನುಮಾನದಿಂದಲೇ ನೋಡಿದರು. ಅಲ್ಲಿನ ಅಡುಗೆ ಪುಸ್ತಕದಲ್ಲಿ ಟೊಮೆಟೊ ಸಾಸ್ ಕಾಣಿಸಿಕೊಂಡಿದ್ದು 1690ರ ದಶಕದಲ್ಲಿ, ನೇಪಲ್ಸಿನ ಆಂಟೋನಿಯೊ ಲಾಟೀನಿಯ ಪುಸ್ತಕದಲ್ಲಿ. ಅಂದರೆ ಇವತ್ತು ಬ್ರುಸ್ಕೆಟ್ಟಾ ಅಂದ ಕೂಡಲೇ ನಮಗೆ ನೆನಪಾಗುವ ಕೆಂಪು ಬಣ್ಣ ಆಮೇಲೆ ಬಂದು ಸೇರಿಕೊಂಡದ್ದು. ಕ್ರೊಸ್ಟಿನಿ ಇದರದೇ ಸಣ್ಣ ತಮ್ಮ: ತೆಳ್ಳಗೆ ಕೊಯ್ದ ಪುಟ್ಟ ತುಂಡು. ಟಸ್ಕನಿಯಲ್ಲಿ ಅದರ ಮೇಲೆ ಕೋಳಿಯ ಈಲಿ ಅರೆದು ಹಚ್ಚುತ್ತಾರೆ. ಕ್ರಿಸ್‌ಮಸ್ ಊಟ ಶುರುವಾಗೋದೇ ಅದರಿಂದ. ಕೋಳಿಯ ಒಳ್ಳೇ ಮಾಂಸ ಬೇರೆ ಅಡುಗೆಗೆ ಹೋದ ಮೇಲೆ ಉಳಿಯುವ ಈಲಿ, ನಿನ್ನೆ ಮೊನ್ನೆ ಉಳಿದ ಬ್ರೆಡ್ಡು. ಎರಡು ಉಳಿಕೆ ಸೇರಿ ಹಬ್ಬದ ಮೊದಲ ತಟ್ಟೆ ಆಯಿತು!

ಇಂಗ್ಲೆಂಡಿನಲ್ಲಿ ಟೋಸ್ಟ್ ಮಾಡಿದ ಬ್ರೆಡ್ಡು ತಟ್ಟೆಗಿಂತ ಮೊದಲು ಗ್ಲಾಸಿಗೆ ಬಿತ್ತು. ವೈನಿಗೆ, ಏಲ್‌ಗೆ ಮಸಾಲೆ ಸವರಿದ ಸುಟ್ಟ ಬ್ರೆಡ್ ತುಂಡು ಹಾಕಿ ಕುಡಿಯೋದು ಅಲ್ಲಿನ ರೂಢಿ. ಪಾರ್ಟಿಯಲ್ಲಿ ಗ್ಲಾಸ್ ಎತ್ತಿ 'ಟೋಸ್ಟ್' ಅಂತೀವಲ್ಲ, ಆ ಮಾತು ಬಂದಿದ್ದೇ ಇದರಿಂದ. 1709ರಲ್ಲಿ 'ಟ್ಯಾಟ್ಲರ್' ಪತ್ರಿಕೆಯಲ್ಲಿ ರಿಚರ್ಡ್ ಸ್ಟೀಲ್ ಇದಕ್ಕೊಂದು ಮಸಾಲೆ ಕತೆ ಬರೆದ. ಬಾತ್ ಊರಿನ ಸ್ನಾನದ ಕೊಳದಲ್ಲಿ ಒಬ್ಬ ಸುಂದರಿ ನಿಂತಿದ್ದಾಳೆ. ಅವಳ ಅಭಿಮಾನಿಯೊಬ್ಬ ಅದೇ ನೀರನ್ನು ಗ್ಲಾಸಿಗೆ ತುಂಬಿಕೊಂಡು ಅವಳ ಹೆಸರಲ್ಲಿ ಕುಡಿದ. ಪಕ್ಕದಲ್ಲಿದ್ದ ಕುಡುಕ, 'ನಂಗೆ ಆ ನೀರು ಬೇಡಪ್ಪ, ಅದರೊಳಗಿರೋ ಟೋಸ್ಟೇ ಬೇಕು' ಅಂದನಂತೆ.

1747ರಲ್ಲಿ ಹ್ಯಾನಾ ಗ್ಲಾಸ್ ತನ್ನ ಅಡುಗೆ ಪುಸ್ತಕದಲ್ಲಿ ಸ್ಕಾಟಿಷ್, ವೆಲ್ಷ್, ಇಂಗ್ಲಿಷ್ ಅಂತ ಮೂರು ಥರದ 'ರ‍್ಯಾಬಿಟ್' ಬರೆದಳು. ಹೆಸರಲ್ಲಿ ಮೊಲ ಇದೆ, ತಟ್ಟೆಯಲ್ಲಿ ಮೊಲದ ಸುಳಿವೇ ಇಲ್ಲ. ಮೂರರಲ್ಲೂ ಇರೋದು ಸುಟ್ಟ ಬ್ರೆಡ್ಡು, ಮೇಲೆ ಕರಗಿದ ಚೀಸು. ಮೊಲ ಕೊಳ್ಳೋಕೆ ಕಾಸಿಲ್ಲದವರ 'ಮೊಲ' ಅಂತ ಇಂಗ್ಲಿಷರು ಮಾಡಿದ ಗೇಲಿ ಇದು. ಗೇಲಿಗೆ ಸಿಕ್ಕ ಆ ತಿಂಡಿಯೇ ಇವತ್ತು ಅಲ್ಲಿನ ಹೋಟೆಲುಗಳ ಮೆನುವಿನಲ್ಲಿ ಹೆಮ್ಮೆಯಿಂದ ಕೂತಿದೆ.

ಫ್ರೆಂಚರು ಇದಕ್ಕೆ ಕೋಟು ತೊಡಿಸಿದರು. ಅವರ ಭಾಷೆಯಲ್ಲಿ ಕೆನಪೆ ಅಂದರೆ ಸೋಫಾ. ಬ್ರೆಡ್ಡಿನ ಮೇಲೆ ಮೀನೋ ಚೀಸೋ ಸೋಫಾದ ಮೇಲೆ ಕೂತ ಹಾಗೆ ಕೂತಿರುತ್ತೆ, ಅದಕ್ಕೇ ಆ ಹೆಸರು. ಆ ಪದದ ಬೇರು ಹುಡುಕಿದರೆ ಗ್ರೀಕಿನ ಸೊಳ್ಳೆ ಪರದೆಯ ಮಂಚ ಸಿಗುತ್ತೆ! ಆಮೇಲೆ ಅಮೆರಿಕದಲ್ಲಿ 1920ರಿಂದ 1933ರವರೆಗೆ ಮದ್ಯ ನಿಷೇಧ. ಕುಡಿಯೋದು ಕದ್ದುಮುಚ್ಚಿ ಮನೆಗಳೊಳಗೆ ಸೇರಿಕೊಂಡಿತು. ನಿಂತುಕೊಂಡೇ, ಒಂದು ಕೈಯಲ್ಲಿ ಗ್ಲಾಸು ಹಿಡಿದು ಇನ್ನೊಂದು ಕೈಯಲ್ಲಿ ತಿನ್ನಬಹುದಾದ ತಿಂಡಿ ಬೇಕಾಯಿತು. ಅದೇ ಹೊತ್ತಿಗೆ, 1928ರಲ್ಲಿ, ಮಿಸೌರಿ ರಾಜ್ಯದ ಚಿಲಿಕಾಥಿ ಅನ್ನುವ ಊರಲ್ಲಿ ಒಟ್ಟೊ ರೋವೆಡರ್ ಮಾಡಿದ ಯಂತ್ರದಿಂದ ಕೊಯ್ದ ಬ್ರೆಡ್ಡು ಮಾರಾಟಕ್ಕೆ ಬಂತು. ಬ್ರೆಡ್ಡು ಹಳಸಬಾರದು ಅಂತ ಶುರುವಾದ ವರ್ಕ್‌ಅರೌಂಡ್ ಕೊನೆಗೆ ಪಾರ್ಟಿಯ ಫೀಚರ್ ಆಗಿಹೋಯಿತು ಅಂತ ನಮ್ಮ ಐಟಿ ಭಾಷೆಯಲ್ಲಿ ಹೇಳಬಹುದು.

ನಮ್ಮೂರಿಗೆ ಬ್ರೆಡ್ಡು ಬಂದ ದಾರಿಯೇ ಬೇರೆ. ಬೆಂಗಳೂರಿನಲ್ಲಿ ಬ್ರಿಟಿಷರ ಕಂಟೋನ್ಮೆಂಟ್ ಹುಟ್ಟಿದ ಮೇಲೆ ಅದು ಸೈನಿಕರ, ಸಾಹೇಬರ ಊಟವಾಗಿ ಬಂತು. ಅದನ್ನು ಪೇಟೆಯ ಜನರ ಬಾಯಿಗೆ ಹೊಂದಿಸಿದ್ದು ಹಾಸನದ ಕಡೆಯಿಂದ ಬಂದ ಅಯ್ಯಂಗಾರ್ ಕುಟುಂಬಗಳು. ಅವರ ಬೇಕರಿಯ ಟೋಸ್ಟ್ ಯಾರಿಗೆ ಗೊತ್ತಿಲ್ಲ? ಬೆಣ್ಣೆ ಸವರಿ ಕಾವಲಿಯ ಮೇಲೆ ಸುಟ್ಟ ಬ್ರೆಡ್ಡು, ಅದರ ಮೇಲೆ ಬಾಡಿಸಿದ ಈರುಳ್ಳಿ, ಕ್ಯಾರೆಟ್, ಹಸಿಮೆಣಸಿನಕಾಯಿ, ಕೊತ್ತಂಬರಿ. ಯಾರೂ ಅದನ್ನು ಬ್ರುಸ್ಕೆಟ್ಟಾ ಅನ್ನಲಿಲ್ಲ ಅಷ್ಟೇ.

ಹಳ್ಳಿಗಳಲ್ಲಿ ಮಾತ್ರ ಬ್ರೆಡ್ಡು ಕಾಯಿಲೆಯವರ ಊಟವಾಗೇ ಉಳಿಯಿತು. ಜ್ವರ ಬಂದರೆ ಹಾಲು ಬ್ರೆಡ್ಡು. ಆಸ್ಪತ್ರೆಗೆ ಯಾರನ್ನಾದರೂ ನೋಡೋಕೆ ಹೋದರೆ ಕೈಯಲ್ಲಿ ಒಂದು ಪೌಂಡ್ ಬ್ರೆಡ್ಡು, ನಾಲ್ಕು ಮೋಸಂಬಿ. ಹೋದ ವರ್ಷ ನಮ್ಮನೆ ಪಾರ್ಟಿಗೆ ನಾನು ಬ್ರೆಡ್ ಕೊಯ್ಯುತ್ತಿದ್ದಾಗ ಊರಿಂದ ಬಂದಿದ್ದ ಅಮ್ಮ ಕೇಳಿದ್ದು: 'ನೆಂಟ್ರಿಗೆ ಬ್ರೆಡ್ ಕೊಡ್ತಾರೇನ್ಲಾ? ಅವ್ರಿಗೇನು ಜ್ವರ ಬಂದೈತಾ?' ಅದು ನಿನ್ನೆಯ ಬ್ರೆಡ್ಡು ಅಂತ ಗೊತ್ತಾದಾಗ ಅವಳ ಮುಖ ಇನ್ನೂ ಸಣ್ಣದಾಯಿತು.

ಅಮ್ಮನ ಸಂಕಟ ನನಗೆ ಅರ್ಥವಾಗುತ್ತೆ. 'ತಂಗಳು' ಅನ್ನೋದು ನಮ್ಮಲ್ಲಿ ಬರೀ ಊಟದ ಹೆಸರಲ್ಲ, ಅಂತಸ್ತಿನ ಹೆಸರು. ತಂಗಳು ಯಾರ ಪಾಲಿಗೆ ಬರುತ್ತಿತ್ತು? ಹಿತ್ತಿಲ ಬಾಗಿಲಲ್ಲಿ ನಿಂತ ಆಳುಕಾಳುಗಳಿಗೆ, ಮನೆಯೊಳಗೆ ಕೊನೆಯಲ್ಲಿ ಉಣ್ಣುವ ಹೆಂಗಸರಿಗೆ. ಯುರೋಪಿನ ಕತೆಯೂ ಬೇರೆಯಲ್ಲ. ಅಲ್ಲಿ ಮಧ್ಯಯುಗದ ಶ್ರೀಮಂತರು ದಪ್ಪ ಒಣ ಬ್ರೆಡ್ಡನ್ನೇ ತಟ್ಟೆ ಮಾಡಿಕೊಂಡು ಅದರ ಮೇಲೆ ಮಾಂಸ ಉಣ್ಣುತ್ತಿದ್ದರು. ಊಟವಾದ ಮೇಲೆ ರಸ ಹೀರಿದ ಆ ಬ್ರೆಡ್ಡು ಬಾಗಿಲಲ್ಲಿ ಕಾಯುವ ಬಡವರಿಗೆ ಹೋಗುತ್ತಿತ್ತು. ಹಾಗಾಗಿ ಉಳಿಕೆಯನ್ನು ನೆಂಟರಿಗೆ ಕೊಡೋದು ಅಂದರೆ ಅವರನ್ನು ಹಿತ್ತಿಲ ಬಾಗಿಲಿಗೆ ಕಳಿಸಿದ ಹಾಗೆ ಅನ್ನೋ ಭಯ ಸುಳ್ಳಲ್ಲ. ಆದರೆ ಇದೇ ಅಮ್ಮನ ಕೈಯಲ್ಲಿ ರಾತ್ರಿಯ ಅನ್ನ ಬೆಳಿಗ್ಗೆ ಚಿತ್ರಾನ್ನ ಆಗುತ್ತಿತ್ತು, ಮಿಕ್ಕ ಇಡ್ಲಿ ಉಪ್ಪಿಟ್ಟಾಗುತ್ತಿತ್ತು. ನೆಂಟರು ಎರಡನೇ ಸಲ ಬಡಿಸಿಕೊಂಡು ತಿನ್ನುತ್ತಿದ್ದರು. ಟಸ್ಕನಿಯ ರೈತ ಮಾಡಿದ್ದೂ ಅಷ್ಟೇ. ಆದರೆ ಅವನು ಅದನ್ನು ಬಚ್ಚಿಡಲಿಲ್ಲ, ಹೆಸರಿಟ್ಟು ಮೆರೆಸಿದ. ಬಾಗಿಲಲ್ಲಿ ನಿಂತವನಿಗೆ ಮಿಕ್ಕಿದ್ದನ್ನು ಹಾಕೋದು ಬೇರೆ, ಮಿಕ್ಕಿದ್ದನ್ನು ಹೊಸದಾಗಿ ಬೇಯಿಸಿ ಅವನ ಪಕ್ಕ ಕೂತು ತಿನ್ನೋದು ಬೇರೆ.

ಇನ್ನು ಮಾಡೋ ವಿಷಯ. ಇತಿಹಾಸ ಗೊತ್ತಿದ್ದರೆ ರೆಸಿಪಿ ಬಾಯಿಪಾಠ ಮಾಡಬೇಕಾಗಿಲ್ಲ. ಬೇಕರಿಯಿಂದ ಕೊಯ್ಯದೇ ಇರೋ ಬ್ರೆಡ್ಡನ್ನು ಹಿಂದಿನ ದಿನವೇ ತನ್ನಿ, ಅರ್ಧ ಇಂಚು ದಪ್ಪಕ್ಕೆ ಕೊಯ್ಯಿರಿ. ತಾಜಾ ಬ್ರೆಡ್ಡು ಕೊಯ್ಯುವಾಗಲೇ ಮುದ್ದೆಯಾಗುತ್ತೆ. ಎಣ್ಣೆ ಸವರಿ ಓವನ್ನಿನಲ್ಲಿ 180 ಡಿಗ್ರಿಗೆ ಸುಮಾರು 10 ನಿಮಿಷ, ಇಲ್ಲವೇ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಎರಡೂ ಕಡೆ. ಬಿಸಿ ಇರುವಾಗಲೇ ಹಸಿ ಬೆಳ್ಳುಳ್ಳಿ ತಿಕ್ಕಿ. ಗರಿಗರಿ ಮೈ ತುರಿಯೋ ಮಣೆಯ ಹಾಗೆ ಕೆಲಸ ಮಾಡುತ್ತೆ. ಟೊಮೆಟೊ ಹೆಚ್ಚಿದ ಮೇಲೆ ಉಪ್ಪು ಹಾಕಿ ಹತ್ತು ನಿಮಿಷ ಬಿಟ್ಟು ನೀರು ಬಸಿಯಿರಿ. ಹೆಸರುಬೇಳೆ ಕೋಸಂಬರಿ ಹಾಕೋದಾದರೂ ಇದೇ ನಿಯಮ: ನೀರು ಬಸಿದು, ಒಗ್ಗರಣೆ ಕೊಟ್ಟು, ನಿಂಬೆಹಣ್ಣು ಹಿಂಡಿ. ಬ್ರೆಡ್ಡಿಗೆ ಮೊದಲು ತೆಳ್ಳಗೆ ಬೆಣ್ಣೆ ಹಚ್ಚಿದರೆ ತೇವ ಒಳಗಿಳಿಯೋದು ನಿಧಾನವಾಗುತ್ತೆ.

ಸುಡೋದನ್ನೂ ಹೆಚ್ಚೋದನ್ನೂ ಮಧ್ಯಾಹ್ನವೇ ಮುಗಿಸಿಡಬಹುದು. ಜೋಡಿಸೋದನ್ನು ಮಾತ್ರ ನೆಂಟರು ಬಂದು ಕೂತ ಮೇಲೆ, ಅವರ ಎದುರಿಗೇ ಮಾಡಿ. ಆಗ ನೀವೂ ಅಡುಗೆಮನೆಯಲ್ಲಿ ಸಿಕ್ಕಿಹಾಕಿಕೊಳ್ಳದೆ ಮಾತಿಗೆ ಸಿಗ್ತೀರಿ. ಯಾರಾದರೂ ಬ್ರೆಡ್ಡು ಎಲ್ಲಿಂದ ತಂದದ್ದು ಅಂತ ಕೇಳಿದರೆ, 'ನಿನ್ನೇದು' ಅಂತ ಧೈರ್ಯವಾಗಿ ಹೇಳಿ.