ಮಂಗಳೂರಿನ ಬೊಮ್ಮ ಮತ್ತು ಅಜ್ಜನ ಟ್ರಂಕು

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದೆ. ಅಟ್ಟ ಹತ್ತಿ ನೋಡಿದರೆ ಅಜ್ಜನ ಟ್ರಂಕು ಖಾಲಿ!

"ಅಮ್ಮಾ, ಇದರಲ್ಲಿದ್ದ ಲೆಕ್ಕದ ಪುಸ್ತಕ ಎಲ್ಲಿ?"

"ಗುಜರಿಯವನಿಗೆ ಕೊಟ್ಟಾಯ್ತು ಮಾರಾಯ. ಗೆದ್ದಲು ಹಿಡಿದಿತ್ತು. ಅಡಿಕೆ ಲೆಕ್ಕ, ಆಳುಗಳ ಲೆಕ್ಕ.. ಯಾರಿಗೆ ಬೇಕು ಅದು?"

ಯಾರಿಗೆ ಬೇಕು? ನಾನೂ ಸುಮ್ಮನಾದೆ. ಆದರೆ ರಾತ್ರಿ ಬೆಂಗಳೂರು ಬಸ್ಸಲ್ಲಿ ನಿದ್ದೆ ಬರಲಿಲ್ಲ. ಬೊಮ್ಮ ನೆನಪಾಗುತ್ತಿದ್ದ. ಅವನ ಕಥೆ ನಿಮಗೂ ಹೇಳಿಬಿಡುತ್ತೇನೆ.

ಸುಮಾರು ಒಂಬೈನೂರು ವರ್ಷ ಹಿಂದಿನ ಮಾತು. ಮಂಗಳೂರು ಆಳುಪರ ಕೈಯಲ್ಲಿತ್ತು, ಘಟ್ಟದ ಮೇಲೆ ಹೊಯ್ಸಳ ವಿಷ್ಣುವರ್ಧನನ ಆಳ್ವಿಕೆ. ಆಗ ಮಂಗಳೂರಿಗೆ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಬಂದ. ಹುಟ್ಟೂರು ಈಗಿನ ಟುನೀಶಿಯಾದ ಮಹ್ದಿಯಾ. ಬಂದವನು 1149ರವರೆಗೆ ಹೆಚ್ಚಿನ ಕಾಲ ಇಲ್ಲೇ ಉಳಿದ. ಇಲ್ಲಿಂದ ಕರಿಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಏಡನ್ ಬಂದರಿಗೆ ಹೋಗುತ್ತಿತ್ತು. ಅಲ್ಲಿಂದ ಸಕ್ಕರೆ, ಒಣದ್ರಾಕ್ಷಿ, ಕಾಗದ ಬರುತ್ತಿತ್ತು. ಅವನದ್ದೊಂದು ಕಂಚಿನ ಪಾತ್ರೆಯ ಕಾರ್ಖಾನೆಯೂ ಇಲ್ಲಿತ್ತು. ಏಡನ್ನಿನ ಗೆಳೆಯರು ಒಡೆದ ಪಾತ್ರೆ, ತಾಮ್ರ, ತವರ ಹಡಗಿನಲ್ಲಿ ಕಳಿಸಿ ಹೊಸ ಪಾತ್ರೆ ಮಾಡಿಸಿಕೊಳ್ಳುತ್ತಿದ್ದರು. ನಾವು ಔಟ್‌ಸೋರ್ಸಿಂಗ್ ಅಂದರೆ ಹೊಸದು ಅಂದುಕೊಂಡಿದ್ದೇವೆ!

1132ರ ಅಕ್ಟೋಬರಿನಲ್ಲಿ ಅವನು ಮಂಗಳೂರಿನಲ್ಲಿ ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ಇಂದಿಗೂ ಉಂಟು. ಅವಳೇ ಅವನ ಮಕ್ಕಳ ತಾಯಿ ಅಂತ ವಿದ್ವಾಂಸರ ಅಭಿಪ್ರಾಯ.

ಇನ್ನು ನಮ್ಮ ಬೊಮ್ಮ. ಇವನು ಬೆನ್ ಯಿಜುವಿನ ಗುಲಾಮ. ಗುಲಾಮ ಅಂದರೆ ಕಸ ಗುಡಿಸುವವನಲ್ಲ, ಯಜಮಾನನ ಸರಕು ತೆಗೆದುಕೊಂಡು ಏಡನ್ನಿಗೆ ಹೋಗಿ ವ್ಯವಹಾರ ಮಾಡಿ ಬರುವ ಏಜೆಂಟು. ತಿಂಗಳಿಗೆ ಎರಡು ದೀನಾರ್ ಸಂಬಳ. ಏಡನ್ನಿನ ದೊಡ್ಡ ವ್ಯಾಪಾರಿ ಮದ್ಮೂನ್ ಒಂದು ಪತ್ರದಲ್ಲಿ ಇವನ ಮೇಲೆ ದೂರು ಹೇಳುತ್ತಾನೆ: ಕುಡಿದು ಬಂದು ಇನ್ನಷ್ಟು ದುಡ್ಡು ಕೊಡು ಅಂತ ಗಲಾಟೆ ಮಾಡಿದನಂತೆ. ಪರದೇಶಕ್ಕೆ ಆನ್‌ಸೈಟ್ ಹೋಗಿ ಅಡ್ವಾನ್ಸಿಗೆ ಜಗಳ ಮಾಡಿದ ಮೊದಲ ಮಂಗಳೂರಿಗ ಇವನೇ ಇರಬೇಕು :) ಆದರೆ ವರ್ಷಗಳು ಕಳೆದ ಮೇಲೆ, 1148ರಲ್ಲಿ, ಖಲಫ್ ಎಂಬ ಇನ್ನೊಬ್ಬ ಏಡನ್ ವ್ಯಾಪಾರಿ ಬೆನ್ ಯಿಜುವಿಗೆ ಬರೆದ ಪತ್ರದಲ್ಲಿ ಈ ಗುಲಾಮನಿಗೂ ಪ್ರತ್ಯೇಕವಾಗಿ ನಮಸ್ಕಾರ ತಿಳಿಸಿದ್ದಾನೆ.

ಅವನ ಹೆಸರು ಪತ್ತೆಯಾದದ್ದೂ ಒಂದು ಕಥೆ. ಪತ್ರಗಳ ಭಾಷೆ ಅರಬ್ಬಿ, ಲಿಪಿ ಹೀಬ್ರೂ. ಸ್ವರ ಬರೆಯುವುದಿಲ್ಲ. ಇದ್ದದ್ದು ಬ-ಮ-ಹ ಮೂರೇ ಅಕ್ಷರ, ನಾವು ಗುಣಿತ, ಒತ್ತು ಬಿಟ್ಟು ಟೈಪ್ ಮಾಡಿದ ಹಾಗೆ. ಲೇಖಕ ಅಮಿತಾವ್ ಘೋಷ್ ಇದರ ಬೆನ್ನು ಹತ್ತಿ ಮಂಗಳೂರಿಗೇ ಬಂದರು. ಇದು 'ಬೊಮ್ಮ' ಇರಬಹುದು ಅಂತ ತೋರಿಸಿಕೊಟ್ಟವರು ನಮ್ಮ ಪ್ರೊ. ಬಿ. ಎ. ವಿವೇಕ ರೈ. ಘೋಷರ 'ಇನ್ ಆನ್ ಆಂಟೀಕ್ ಲ್ಯಾಂಡ್' 1992ರಲ್ಲಿ ಬಂತು.

ಇಷ್ಟೆಲ್ಲ ಉಳಿದದ್ದು ಎಲ್ಲಿ ಗೊತ್ತಾ? ಕೈರೋದ ಒಂದು ಹಳೆ ಸಿನಗಾಗಿನ ರದ್ದಿ ಕೋಣೆಯಲ್ಲಿ! ದೇವರ ಹೆಸರು ಇರಬಹುದಾದ ಕಾಗದವನ್ನು ನಾಶ ಮಾಡಬಾರದು ಅಂತ ಯಹೂದಿಗಳು ಹಳೆ ಕಾಗದ ಎಲ್ಲವನ್ನೂ 'ಗೆನಿಜಾ' ಎಂಬ ಕೋಣೆಗೆ ಹಾಕುತ್ತಿದ್ದರು. ಪತ್ರ, ಲೆಕ್ಕ, ಚೀಟಿ ಎಲ್ಲ. ಒಣ ಹವೆ ಬೇರೆ. 1896-97ರಲ್ಲಿ ಸೊಲೊಮನ್ ಶೆಕ್ಟರ್ ಎಂಬ ವಿದ್ವಾಂಸ ಅಲ್ಲಿಂದ ಕೇಂಬ್ರಿಜ್‌ಗೆ ಒಯ್ದದ್ದೇ ಸುಮಾರು 1.9 ಲಕ್ಷ ತುಣುಕು. ಮುಂದೆ ಗೊಯ್ಟೈನ್ ಎಂಬ ವಿದ್ವಾಂಸ ಭಾರತದ ವ್ಯಾಪಾರದ ಪತ್ರಗಳನ್ನು ಹುಡುಕಿ ಜೋಡಿಸಿದರು.

ನೋಡಿ, ಆ ಕಾಲದ ನಮ್ಮ ಶಾಸನಗಳಲ್ಲಿ ರಾಜರಿದ್ದಾರೆ, ದಾನ ಕೊಟ್ಟವರಿದ್ದಾರೆ, ಯುದ್ಧದಲ್ಲಿ ಸತ್ತವರಿದ್ದಾರೆ. ಸಂಬಳಕ್ಕೆ ದುಡಿದ, ಕುಡಿದು ಗಲಾಟೆ ಮಾಡಿದ ಬೊಮ್ಮನಿಗೆ ಯಾರು ಕಲ್ಲು ಕೆತ್ತುತ್ತಾರೆ? ಅವನನ್ನು ಉಳಿಸಿದ್ದು ಯಾರಿಗೂ ಬೇಡವಾದ ಲೆಕ್ಕದ ಚೀಟಿ, ಅದೂ ಸಾವಿರಾರು ಮೈಲಿ ದೂರದಲ್ಲಿ.

ಅಜ್ಜನ ಪುಸ್ತಕದಲ್ಲೂ ಅಂಥದ್ದೇ ಇತ್ತು. ತೋಟದ ಆಳುಗಳ ಹೆಸರು, ಎಷ್ಟು ಸೇರು ಅಕ್ಕಿ ಕೊಟ್ಟದ್ದು, ಮದುವೆಗೆ, ಕಾಯಿಲೆಗೆ ಕೊಟ್ಟ ಮುಂಗಡ. ಚಿಕ್ಕಂದಿನಲ್ಲಿ ಕದ್ದು ಓದಿದ್ದೆ. ಅವರಲ್ಲಿ ಒಬ್ಬರ ಫೋಟೋ ಕೂಡ ಎಲ್ಲೂ ಇಲ್ಲ. ನಮ್ಮ ತೋಟ ಎಬ್ಬಿಸಿದವರ ಹೆಸರು ಇದ್ದದ್ದು ಅದೊಂದೇ ಜಾಗದಲ್ಲಿ. ಈಗ ನೆನಪು ಮಾಡಿಕೊಂಡರೆ ಮೂರು ಹೆಸರು ಮಾತ್ರ ಬರುತ್ತದೆ.

ಆಫೀಸಲ್ಲಿ ದಿನಾ ಬ್ಯಾಕಪ್ ತೆಗೆಯುವವನು ನಾನು. ಮನೆಯದ್ದು ತೆಗೆಯಲಿಲ್ಲ.

ನಿಮ್ಮ ಅಟ್ಟದಲ್ಲೂ ಟ್ರಂಕು ಇದ್ದರೆ ಗುಜರಿಯವನು ಬರುವ ಮೊದಲು ಒಮ್ಮೆ ತೆರೆದು ನೋಡಿ. ಮೊಬೈಲಲ್ಲಿ ನಾಲ್ಕು ಪುಟದ ಫೋಟೋ ಆದರೂ ತೆಗೆದಿಡಿ. ಏನು ಸಿಕ್ಕಿತು ಅಂತ ನನಗೂ ಹೇಳ್ತೀರಲ್ಲ?