ಇರುವೆಗಳಿಗೆ ಮನೆ ಕೊಟ್ಟ ಮರ

ಬಿಸಿಲೆ ಘಟ್ಟಕ್ಕೆ ಪ್ರವಾಸ ಹೋದವರಲ್ಲಿ ಎದುರಿನ ಕುಮಾರ ಪರ್ವತವನ್ನು ಕಣ್ತುಂಬಿಕೊಂಡು ಮರಳುವವರೇ ಹೆಚ್ಚು. ಆದರೆ ವಿದ್ಯಾರ್ಥಿ ಮಿತ್ರರೆ, ಈ ಸೀಮೆಯ ನಿತ್ಯಹರಿದ್ವರ್ಣ ಕಾಡಿನಲ್ಲಿ, ಎತ್ತರದ ಮರಗಳ ನೆರಳಿನಡಿ ಬೆಳೆಯುವ ಒಂದು ಸಣ್ಣ ಮರವಿದೆ. ಅದರ ಕೆಲವು ರೆಂಬೆಗಳು ಗಿಣ್ಣುಗಳ ನಡುವೆ ಉಬ್ಬಿರುತ್ತವೆ. ಒಳಗೆಲ್ಲ ಟೊಳ್ಳು, ಹೊರಗೆ ತಾನಾಗಿಯೇ ಬಿಟ್ಟುಕೊಂಡ ಒಂದು ಸೀಳು. ಆ ಸೀಳಿನಿಂದ ಇರುವೆಗಳು ಬಂದು ಹೋಗುತ್ತವೆ. ಪಶ್ಚಿಮ ಘಟ್ಟಕ್ಕಷ್ಟೇ ಸೀಮಿತವಾದ ಈ ಮರದ ಹೆಸರು ಹಂಬೋಲ್ಟಿಯ ಬ್ರುನೋನಿಸ್.

ಹೆಸರಿನಲ್ಲಿಯೇ ಇತಿಹಾಸವಿದೆ. 1794ರಲ್ಲಿ ಸಸ್ಯಶಾಸ್ತ್ರಜ್ಞ ಮಾರ್ಟಿನ್ ವಾಲ್ ಈ ಕುಲಕ್ಕೆ ಜರ್ಮನಿಯ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟರ ಹೆಸರಿಟ್ಟರು. ಕಲ್ಕತ್ತೆಯ ಸಸ್ಯೋದ್ಯಾನದ ಮುಖ್ಯಸ್ಥರಾಗಿದ್ದ ನಥಾನಿಯಲ್ ವಾಲಿಚ್ 1830ರ ದಶಕದ ಆರಂಭದಲ್ಲಿ ನಮ್ಮ ಪ್ರಭೇದವನ್ನು ವರ್ಣಿಸಿ, ಅದಕ್ಕೆ ಸಸ್ಯಶಾಸ್ತ್ರಜ್ಞ ರಾಬರ್ಟ್ ಬ್ರೌನರ ಹೆಸರನ್ನು ಸೇರಿಸಿದರು. ಮರಕ್ಕೆ ಹೆಸರೇನೋ ಬಂತು. ಆದರೆ ಇರುವೆಗಳಿಗೆ ಅದು ಮನೆ ಕೊಡುವುದೇಕೆ?

ಇಂತಹ ಪ್ರಶ್ನೆಗೆ ಮೊದಲ ಸುಳಿವು ದೊರೆತದ್ದು ದೂರದ ಮಧ್ಯ ಅಮೆರಿಕದಲ್ಲಿ. ಅಲ್ಲಿನ ಜಾಲಿಯೊಂದರ ಟೊಳ್ಳು ಮುಳ್ಳುಗಳಲ್ಲಿ ವಾಸಿಸುವ ಇರುವೆಗಳು ಮರದ ಕಾವಲುಗಾರರೆಂದು ಥಾಮಸ್ ಬೆಲ್ಟ್ 1874ರಲ್ಲಿ ಬರೆದರು. 1966ರಲ್ಲಿ ಪ್ರಕಟವಾದ ಡೇನಿಯಲ್ ಜಾನ್ಜೆನ್ನರ ಪ್ರಯೋಗ ಇದನ್ನು ಸಿದ್ಧಪಡಿಸಿತು. ಇರುವೆಗಳನ್ನು ತೆಗೆದ ಮರಗಳನ್ನು ಕೀಟಗಳು ತಿಂದವು, ಬಳ್ಳಿಗಳು ಮುತ್ತಿದವು. ಮನೆ ಕೊಟ್ಟವರಿಗೆ ಕಾವಲು: ಲೆಕ್ಕ ಸರಳವಾಗಿ ಕಂಡಿತು.

ನಮ್ಮ ಘಟ್ಟದ ಮರ ಈ ಸರಳ ಲೆಕ್ಕಕ್ಕೆ ಒಗ್ಗಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆನೀ ಬೋರ್ಜಸ್ ಮತ್ತು ಅವರ ಸಂಗಡಿಗರು ಪಶ್ಚಿಮ ಘಟ್ಟದ ಕಾಡುಗಳಲ್ಲಿ ವರ್ಷಗಟ್ಟಲೆ ಇದನ್ನು ಅಭ್ಯಸಿಸಿದರು. ಈ ಮರ ಎಲೆ, ಮೊಗ್ಗುಗಳ ಮೇಲೆ ಮಕರಂದ ಸ್ರವಿಸಿ ಇರುವೆಗಳನ್ನು ಕರೆಯುತ್ತದೆ. ಆದರೆ ಎಲ್ಲ ಮರಗಳಲ್ಲೂ ಟೊಳ್ಳು ಕೋಣೆಗಳಿರುವುದಿಲ್ಲ. ಬಂದ ಇರುವೆಗಳೆಲ್ಲ ಕಾವಲು ಕಾಯುವುದೂ ಇಲ್ಲ. 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಿಜವಾದ ರಕ್ಷಕನೆಂದು ಕಂಡುಬಂದದ್ದು ಟೆಕ್ನೋಮಿರ್ಮೆಕ್ಸ್ ಎಂಬ ಕುಲದ ಒಂದು ಇರುವೆ ಮಾತ್ರ. ಸಾಲದ್ದಕ್ಕೆ, ಮರವೇರಿ ಬಂದ ಎರೆಹುಳುವೂ ಈ ಕೋಣೆಗಳಲ್ಲಿ ಬೀಡುಬಿಟ್ಟಿರುತ್ತದೆ!

ಹಾಗಾದರೆ ಉಳಿದವರು ಬಿಟ್ಟಿ ಬಾಡಿಗೆದಾರರೇ? ಸಾರಜನಕದ ಸಮಸ್ಥಾನಿಯ ಜಾಡು ಹಿಡಿದು ನೋಡಿದಾಗ ಬೇರೆಯೇ ಉತ್ತರ ಸಿಕ್ಕಿತು. ಕೋಣೆಯಲ್ಲಿರುವವರು ಬಿಡುವ ಕಸದಿಂದ ಮರ ಪೋಷಕಾಂಶವನ್ನು ಹೀರಿಕೊಳ್ಳುತ್ತದೆ. ಕಾವಲು ಕಾಯದ ಇರುವೆಯೂ ಎರೆಹುಳುವೂ ಹೀಗೆ ಬಾಡಿಗೆ ತೆರುತ್ತವೆಂದು 2014ರಲ್ಲಿ ಪ್ರಕಟವಾಯಿತು.

ವಾಲಿಚರ ಕಾಲದಿಂದ ಈ ಉತ್ತರದವರೆಗೆ 180 ವರ್ಷಗಳು ಕಳೆದವು. ಹೆಸರು ತಿಳಿದ ಮಾತ್ರಕ್ಕೆ ಮರ ತಿಳಿದಂತಾಗದು. ಕಾಡನ್ನು ಕಡಿದಾಗ ನಷ್ಟವಾಗುವುದು ದೊಡ್ಡ ಮರಗಳ ದಿಮ್ಮಿಗಳಷ್ಟೇ ಅಲ್ಲ. ಅವುಗಳ ನೆರಳನ್ನೇ ನಂಬಿದ ಈ ಸಣ್ಣ ಮರ, ಅದರೊಳಗಿನ ಇರುವೆ, ಎರೆಹುಳು, ಅವುಗಳ ನಡುವಿನ ಕೊಡುಕೊಳೆ ಎಲ್ಲವೂ ಹೋಗುತ್ತವೆ. ಮುಂದಿನ ಸಲ ಬಿಸಿಲೆಗೆ ಹೋದಾಗ ಬೆಟ್ಟವನ್ನು ನೋಡಿದ ಮೇಲೆ ಪಕ್ಕದ ರೆಂಬೆಯನ್ನೂ ಒಮ್ಮೆ ನೋಡಿ. ಮುರಿಯಬೇಡಿ, ಒಳಗೆ ಸಂಸಾರವಿದೆ.