ಸಂಬಳದ ಏಣಿ, ತಾಸಿನ ಕೂಲಿ: ಉಮರಗಾ, ನಿಲಂಗಾ, ಉದಗೀರ
1956ರಲ್ಲಿ ಬೀದರ ಜಿಲ್ಲೆಯ ಉದಗೀರ, ನಿಲಂಗಾ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಸೇರಿದವು. ಉಸ್ಮಾನಾಬಾದ ಜಿಲ್ಲೆಯ ಉಮರಗಾವೂ ಹಾಗೇ ಹೋಯ್ತು. ಆಡಳಿತ ಬೇರೆಯಾದರೂ ಕಾಯಂ ಉಪನ್ಯಾಸಕರ ವೇತನಕ್ಕೆ ಗಡಿಯ ಎರಡೂ ಕಡೆ ಯುಜಿಸಿ ಶ್ರೇಣಿಯೇ ಅಳತೆಗೋಲಾಯಿತು. 1973ರಿಂದ 700–1600 ರೂಪಾಯಿ, 1986ರಿಂದ 2200–4000, 2016ರಿಂದ ಆರಂಭದ ಮೂಲವೇತನವೇ 57,700.

ಇದು ಏಣಿ ಹತ್ತಿದವರ ಇತಿಹಾಸ. ಕೆಳಗೆ ನಿಂತವರದ್ದು ಏನ್ರೀ? ಅತಿಥಿ ಉಪನ್ಯಾಸಕರಿಗೆ ತಾಸಿಗೆ 1500, ತಿಂಗಳಿಗೆ ಹೆಚ್ಚೆಂದರೆ 50,000 ಕೊಡಬಹುದು ಅಂತ ಯುಜಿಸಿ 2019ರಲ್ಲಿ ಹೇಳಿತು. ಮಹಾರಾಷ್ಟ್ರದ ತಾಸಿಕೆ ದರ ಅದಕ್ಕಿಂತ ಕಡಿಮೆ. ನಾನೂ ಈ ಭಾಗದಲ್ಲಿ ತಾಸಿಕೆ ಮೇಲೆ ಕಲಿಸಿದವನು. ಪಾಠ ಇಲ್ಲದ ಬೇಸಿಗೆ ರಜೆಯಲ್ಲಿ ನನ್ನ ಗಳಿಕೆ ಸೊನ್ನೆ. ಹೀಗಾಗಿ ನನ್ನ ವಾದ ಇಷ್ಟೇ: ವೇತನ ಆದೇಶ ಮಾತ್ರ ಓದಿದರೆ ಅರ್ಧ ಇತಿಹಾಸ ಸಿಗ್ತದ. ಉಳಿದರ್ಧಕ್ಕೆ ತಾಸಿನ ಹಾಜರಿ ಪುಸ್ತಕ ತೆರೀಬೇಕು.